ಹಾವಿನ ನಂಜು: ಅಣುಮಟ್ಟದ ವಿಕಾಸ

ಹಾವಿನ ನಂಜು ಒಂದೇ ವಸ್ತುವಲ್ಲ; ಹತ್ತಾರು ಬಗೆಯ ಪ್ರೋಟೀನು ಮತ್ತು ಪೆಪ್ಟೈಡುಗಳ ಬೆರಕೆ. ನರ ಸ್ನಾಯುವನ್ನು ಮುಟ್ಟುವ ಜಾಗದಲ್ಲಿ ಸಂದೇಶವನ್ನು ತಡೆಯುವ ಅಣುಗಳು, ರಕ್ತ ಹೆಪ್ಪುಗಟ್ಟುವ ಕ್ರಮವನ್ನು ಹದಗೆಡಿಸುವ ಕಿಣ್ವಗಳು, ಜೀವಕೋಶದ ಪೊರೆಯನ್ನು ಒಡೆಯುವವು, ರಕ್ತನಾಳದ ಗೋಡೆಯನ್ನೇ ಕರಗಿಸುವವು ಅದರಲ್ಲಿ ಸೇರಿರುತ್ತವೆ. ಇಷ್ಟೊಂದು ಮಾರಕ ಅಣುಗಳನ್ನು ಹಾವುಗಳು ಎಲ್ಲಿಂದ ಪಡೆದವು? ವಂಶವಾಹಿಗಳನ್ನು ಓದಲು ಸಾಧ್ಯವಾದ ಮೇಲೆ ಸಿಕ್ಕ ಉತ್ತರ ಮೊದಲು ಅಚ್ಚರಿ ತರಿಸುವಂಥದ್ದು: ಹೊಸದಾಗಿ ಹುಟ್ಟಿದ್ದು ಬಹಳ ಕಡಿಮೆ. ನಂಜಿನ ಮುಖ್ಯ ಪ್ರೋಟೀನುಗಳ ನೆಂಟ ಅಣುಗಳು ಹಾವಿನ ಸ್ವಂತ ಮಿದುಳಿನಲ್ಲಿ, ಯಕೃತ್ತಿನಲ್ಲಿ, ರಕ್ತದಲ್ಲಿ ಇಂದಿಗೂ ತಮ್ಮ ಹಳೆಯ ಕೆಲಸ ಮಾಡಿಕೊಂಡಿವೆ. ದೇಹವನ್ನು ನಡೆಸುತ್ತಿದ್ದ ಅಣುವಿನ ವಂಶವಾಹಿಯ ಇನ್ನೊಂದು ಪ್ರತಿ ತಯಾರಾಗಿ, ಅಣು ತಯಾರಾಗುವ ಜಾಗ ಮತ್ತು ಪ್ರಮಾಣ ಬದಲಾಗಿ, ಹೊರಮೈ ತಿದ್ದಿಹೋಗಿ ಅದೇ ಅಣು ನಂಜಾಯಿತು. ಈ ಕಥೆಯನ್ನು ಸಾಮಾನ್ಯವಾಗಿ ಸೇರ್ಪಡೆಯ ಕಥೆಯಾಗಿ, ಸರಳವಾಗಿದ್ದುದು ಕ್ರಮೇಣ ಸಂಕೀರ್ಣವಾದ ಬಗೆಯಾಗಿ ಹೇಳುತ್ತಾರೆ. ಆದರೆ ಇಂದು ನಮ್ಮ ಮುಂದಿರುವ ಸಾಕ್ಷ್ಯ ಇನ್ನೊಂದು ಕಡೆಗೆ ಬೆರಳು ತೋರುತ್ತದೆ. ನಂಜಿನ ವಿಕಾಸದಲ್ಲಿ ಗಳಿಸಿದ್ದಕ್ಕೆ ಎಷ್ಟು ಪಾಲಿದೆಯೋ ಕತ್ತರಿಸಿದ್ದಕ್ಕೆ, ಕೈಬಿಟ್ಟದ್ದಕ್ಕೆ ಅಷ್ಟೇ ಪಾಲಿದೆ. ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎಂಬುದನ್ನು ಹೆಚ್ಚಿನ ಮಟ್ಟಿಗೆ ತೀರ್ಮಾನಿಸಿದ್ದು ಬೇಟೆಯ ಪ್ರಾಣಿ.

ಒಂದು ಅಣುವನ್ನು ಹತ್ತಿರದಿಂದ ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ನಾಗರಹಾವು, ಕಟ್ಟುಹಾವು, ಕಾಳಿಂಗ, ಆಫ್ರಿಕಾದ ಮಾಂಬಾ, ಕಡಲಹಾವುಗಳನ್ನೊಳಗೊಂಡ ಎಲಾಪಿಡ್ ಕುಟುಂಬದ ನಂಜಿನಲ್ಲಿ 'ಮೂರು ಬೆರಳಿನ ನಂಜು' ಎಂಬ ಪ್ರೋಟೀನು ವರ್ಗವೇ ಪ್ರಧಾನ. ಸುಮಾರು 60ರಿಂದ 74 ಅಮೈನೋ ಆಮ್ಲಗಳ ಈ ಪುಟ್ಟ ಸರಪಳಿಯನ್ನು ಬುಡದಲ್ಲಿ ನಾಲ್ಕು ಗಂಧಕದ ಬಂಧಗಳು ಬಿಗಿದಿಟ್ಟಿರುತ್ತವೆ. ಅಲ್ಲಿಂದ ಮೂರು ಕುಣಿಕೆಗಳು ಬೆರಳುಗಳಂತೆ ಹೊರಚಾಚುತ್ತವೆ. ತೈವಾನಿನ ಚಾಂಗ್ ಮತ್ತು ಲೀ 1963ರಲ್ಲಿ ಅಲ್ಲಿನ ಬಹುಪಟ್ಟೆಯ ಕಟ್ಟುಹಾವಿನಿಂದ ಬೇರ್ಪಡಿಸಿದ ಆಲ್ಫಾ-ಬಂಗಾರೊಟಾಕ್ಸಿನ್ ಈ ವರ್ಗದ್ದೇ. ಅದರ ನಡುಬೆರಳು ಸ್ನಾಯುವಿನ ಅಸಿಟೈಲ್‌ಕೊಲೀನ್ ಗ್ರಾಹಿಯೊಳಗೆ ಹೊಕ್ಕು ಬಿಡಿಸಲಾಗದಷ್ಟು ಬಿಗಿಯಾಗಿ ಕೂರುತ್ತದೆ. ನರ ಕಳಿಸಿದ ಆಜ್ಞೆ ಸ್ನಾಯುವಿಗೆ ಮುಟ್ಟುವುದಿಲ್ಲ. ರೆಪ್ಪೆ ಜೋತು ಬೀಳುತ್ತದೆ, ಕೊನೆಗೆ ಉಸಿರಾಟದ ಸ್ನಾಯುಗಳೂ ಸೋಲುತ್ತವೆ. ಈ ಹಿಡಿತ ಎಷ್ಟು ಗಟ್ಟಿಯೆಂದರೆ, ಅಸಿಟೈಲ್‌ಕೊಲೀನ್ ಗ್ರಾಹಿಯನ್ನು ಮೊದಲ ಬಾರಿಗೆ ಅಂಗಾಂಶದಿಂದ ಬೇರ್ಪಡಿಸಲು ವಿಜ್ಞಾನಿಗಳು ಇದನ್ನೇ ಕೊಕ್ಕೆಯಾಗಿ ಬಳಸಿದರು. 1999ರಲ್ಲಿ ಇಲಿಯ ಮಿದುಳಿನಲ್ಲಿ ಲಿಂಕ್ಸ್-1 ಎಂಬ ಪ್ರೋಟೀನು ಸಿಕ್ಕಿತು. ಅದಕ್ಕೂ ಇದೇ ಮೂರು ಬೆರಳಿನ ಆಕಾರ. ಅದು ಅಂಟಿಕೊಳ್ಳುವುದೂ ಇದೇ ವರ್ಗದ ಗ್ರಾಹಿಗಳಿಗೆ. ಅದು ಕೊಲ್ಲುವುದಿಲ್ಲ, ನರಕೋಶಗಳ ಪ್ರತಿಕ್ರಿಯೆಯನ್ನು ಹದದಲ್ಲಿಡುತ್ತದೆ. ಹಾವಿನ ನರವಿಷಗಳ ಪೂರ್ವಜ ಈ ಮನೆತನದ ಅಣುವೇ ಎಂದು ವಂಶವಾಹಿಗಳ ಹೋಲಿಕೆ ಹೇಳುತ್ತದೆ. ಗ್ರಾಹಿಯನ್ನು ಗುರುತಿಸುವ ಗುಣವನ್ನು ಹಾವು ಹೊಸದಾಗಿ ಕಲಿಯಬೇಕಿರಲಿಲ್ಲ, ಅದು ಮೊದಲೇ ಇತ್ತು. ಜೀವಕೋಶದ ಪೊರೆಗೆ ಕಟ್ಟಿಹಾಕಿದ್ದ ಲಂಗರು ಕಳಚಿ, ಅಣು ಬಿಡಿಯಾಗಿ, ಹೇರಳವಾಗಿ ಹೊರಬಂದದ್ದೇ ದೊಡ್ಡ ಬದಲಾವಣೆ.

ಅದೇ ಮೂರು ಬೆರಳಿನ ಚೌಕಟ್ಟು ಮುಂದೆ ಎಷ್ಟು ದಿಕ್ಕಿಗೆ ಹೋಯಿತು ನೋಡಿ. ನಾಗರಹಾವಿನ ಸೈಟೋಟಾಕ್ಸಿನುಗಳು ಗ್ರಾಹಿಯ ಗೊಡವೆಗೆ ಹೋಗದೆ ಜೀವಕೋಶದ ಪೊರೆಯನ್ನೇ ಹರಿಯುತ್ತವೆ. ಮಾಂಬಾದ ಫ್ಯಾಸಿಕ್ಯುಲಿನ್ ಅಸಿಟೈಲ್‌ಕೊಲೀನನ್ನು ಒಡೆಯುವ ಕಿಣ್ವದ ಬಾಯಿ ಮುಚ್ಚುತ್ತದೆ. ಕ್ಯಾಲ್ಸಿಸೆಪ್ಟಿನ್ ಹೃದಯ ಮತ್ತು ನಾಳಗಳ ಕ್ಯಾಲ್ಸಿಯಂ ದ್ವಾರಗಳನ್ನು ತಡೆಯುತ್ತದೆ. 2012ರಲ್ಲಿ ವರದಿಯಾದ ಮಾಂಬಾಲ್ಜಿನ್ ಇಲಿಗಳಲ್ಲಿ ನೋವನ್ನೇ ಶಮನ ಮಾಡಿತು. ಗಂಧಕದ ಬಂಧಗಳು ಹಿಡಿದ ಬುಡ ಅಲುಗದಿರುವುದರಿಂದಲೇ ಬೆರಳುಗಳ ತುದಿಯಲ್ಲಿ ಇಷ್ಟು ಬದಲಾವಣೆ ತಾಳಿಕೊಳ್ಳಲು ಸಾಧ್ಯವಾಯಿತು.

ದೇಹದ ಪ್ರೋಟೀನು ನಂಜಾಗುವ ಹಾದಿಯನ್ನು ಹೆಜ್ಜೆಹೆಜ್ಜೆಯಾಗಿ ತೋರಿಸುವ ನಿದರ್ಶನ ಆಸ್ಟ್ರೇಲಿಯಾದ ಒರಟು ಹುರುಪೆಯ ಹಾವಿನದು. ಕಶೇರುಕಗಳ ಯಕೃತ್ತು ಹತ್ತನೇ ಹೆಪ್ಪುಕಾರಕವನ್ನು ತಯಾರಿಸುತ್ತದೆ. ಗಾಯವಾದಾಗ ಅದು ಚುರುಕುಗೊಂಡು ಪ್ರೋಥ್ರಾಂಬಿನನ್ನು ಥ್ರಾಂಬಿನ್ ಆಗಿ ಮಾರ್ಪಡಿಸುತ್ತದೆ, ರಕ್ತ ಹೆಪ್ಪುಗಟ್ಟುತ್ತದೆ. ಈ ಹಾವಿನ ನಂಜಿನಲ್ಲಿರುವ ಟ್ರೋಕಾರಿನ್-ಡಿ ಎಂಬ ಪ್ರೋಟೀನು ಅದೇ ಹೆಪ್ಪುಕಾರಕದ ಅವಳಿ. ಮೈಸೂರು ವಿಶ್ವವಿದ್ಯಾಲಯದಲ್ಲಿ ಜೀವರಸಾಯನದ ಸಂಶೋಧನೆ ಮಾಡಿ, ಬಳಿಕ ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲಿ ನಂಜಿನ ಅಧ್ಯಯನವನ್ನು ಬೆಳೆಸಿದ ಆರ್. ಮಂಜುನಾಥ ಕಿಣಿ ಮತ್ತು ಸಹೋದ್ಯೋಗಿಗಳು ಈ ಎರಡೂ ವಂಶವಾಹಿಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದರು. ಹಾವಿನ ಯಕೃತ್ತಿನ ವಂಶವಾಹಿ ಎಂದಿನಂತೆ ತನ್ನ ಕೆಲಸ ಮಾಡುತ್ತಿದೆ. ಅದರ ಪ್ರತಿಯಾದ ನಂಜಿನ ವಂಶವಾಹಿಯ ಮುಂಭಾಗದಲ್ಲಿ, ಅಂದರೆ ಯಾವ ಅಂಗದಲ್ಲಿ ಎಷ್ಟು ತಯಾರಾಗಬೇಕೆಂದು ನಿರ್ಧರಿಸುವ ಭಾಗದಲ್ಲಿ, ಒಂದು ಹೆಚ್ಚುವರಿ ತುಣುಕು ಸೇರಿಕೊಂಡಿದೆ. ರಕ್ತದಲ್ಲಿ ಅತ್ಯಲ್ಪ ಪ್ರಮಾಣದಲ್ಲಿ, ಕಟ್ಟುನಿಟ್ಟಿನ ಅಂಕೆಯಲ್ಲಿರುವ ಅಣು ವಿಷಗ್ರಂಥಿಯಲ್ಲಿ ಯಥೇಚ್ಛವಾಗಿ ತಯಾರಾಗಲು ಈ ತುಣುಕು ನೆರವಾಯಿತು. ಕಚ್ಚಿಸಿಕೊಂಡ ಪ್ರಾಣಿಯ ರಕ್ತನಾಳಕ್ಕೆ ಆ ಅಣು ಒಮ್ಮೆಲೇ ನುಗ್ಗಿದಾಗ ಹೆಪ್ಪುಗಟ್ಟುವ ಸಾಮಗ್ರಿಯೆಲ್ಲ ಖರ್ಚಾಗಿ ಹೋಗುತ್ತದೆ, ಆಮೇಲೆ ರಕ್ತಸ್ರಾವ ನಿಲ್ಲುವುದಿಲ್ಲ. ಇಲ್ಲಿ ಪ್ರೋಟೀನಿನ ಸ್ವಭಾವ ಅಷ್ಟೇನೂ ಬದಲಾಗಿಲ್ಲ. ಬದಲಾದದ್ದು ಅದು ಎಲ್ಲಿ, ಎಷ್ಟು ಎಂಬುದು ಮಾತ್ರ. ಇದೇ ಜಾಡಿನ ಇನ್ನೂ ಹಲವು ಉದಾಹರಣೆಗಳಿವೆ. ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಅಟ್ರಾಕ್ಟಾಸ್ಪಿಸ್ ಹಾವುಗಳ ಸಾರಾಫೋಟಾಕ್ಸಿನ್, ನಮ್ಮ ರಕ್ತನಾಳಗಳನ್ನು ಸಂಕುಚಿಸುವ ಎಂಡೊಥೀಲಿನ್‌ಗೆ ತೀರ ಹತ್ತಿರದ್ದು. ಫಾಸ್ಫೊಲಿಪೇಸ್ ಎ2 ಕಿಣ್ವವಂತೂ ಎರಡು ಸಲ ಬೇರೆಬೇರೆಯಾಗಿ ನಂಜಿನೊಳಕ್ಕೆ ಬಂದಿದೆ. ಎಲಾಪಿಡ್‌ಗಳಲ್ಲಿರುವುದು ಮೇದೋಜ್ಜೀರಕದ ಜೀರ್ಣಕಿಣ್ವದ ಸಂಬಂಧಿ, ಮಂಡಲದ ಹಾವುಗಳಲ್ಲಿರುವುದು ಉರಿಯೂತದಲ್ಲಿ ಪಾಲ್ಗೊಳ್ಳುವ ಇನ್ನೊಂದು ಕವಲಿನದು. ಒಂದೇ ಕಸುಬಿಗೆ ಎರಡು ವಂಶಗಳು ಎರಡು ಬೇರೆ ಮನೆಗಳಿಂದ ಆಳು ತಂದವು.

ವಂಶವಾಹಿಯ ಹೊಸ ಪ್ರತಿ ತಯಾರಾದ ಮೇಲೆ ಅದು ಹೇಗೆ ಬದಲಾಗುತ್ತದೆ ಎಂಬುದಕ್ಕೆ ಜಪಾನಿನ ಹಾಬು ಹಾವಿನ ಮೇಲೆ ನಡೆದ ಅಧ್ಯಯನ ದಿಕ್ಕು ತೋರಿಸಿತು. ಸಾಮಾನ್ಯವಾಗಿ ವಂಶವಾಹಿಯಲ್ಲಿ ಪ್ರೋಟೀನಿನ ಸಂಕೇತವಿರುವ ಎಕ್ಸಾನ್ ಭಾಗಗಳು ನಿಧಾನವಾಗಿ, ಸಂಕೇತವಿಲ್ಲದ ಇಂಟ್ರಾನ್ ಭಾಗಗಳು ಬೇಗ ಬದಲಾಗುತ್ತವೆ. ಪ್ರೋಟೀನನ್ನು ಕೆಡಿಸುವ ಬದಲಾವಣೆಯನ್ನು ನೈಸರ್ಗಿಕ ಆಯ್ಕೆ ಅಳಿಸಿಹಾಕುತ್ತದೆ ಎಂಬುದೇ ಕಾರಣ. 1990ರ ದಶಕದ ಮೊದಲ ವರ್ಷಗಳಲ್ಲಿ ಹಾಬುವಿನ ಫಾಸ್ಫೊಲಿಪೇಸ್ ವಂಶವಾಹಿಗಳನ್ನು ಹೋಲಿಸಿದ ಜಪಾನಿ ಸಂಶೋಧಕರಿಗೆ ಇದು ತಲೆಕೆಳಗಾಗಿ ಕಂಡಿತು. ಇಂಟ್ರಾನ್‌ಗಳು ಹೆಚ್ಚುಕಡಿಮೆ ಒಂದೇ ರೀತಿ ಇದ್ದವು, ಎಕ್ಸಾನ್‌ಗಳು ಬಹಳ ಬೇರೆಯಾಗಿದ್ದವು. ಅಮೈನೋ ಆಮ್ಲವನ್ನು ಬದಲಿಸುವ ಉತ್ಪರಿವರ್ತನೆಗಳು ಬದಲಿಸದವುಗಳಿಗಿಂತ ಹೆಚ್ಚಾಗಿ ಉಳಿದುಕೊಂಡಿದ್ದವು. ಇದೇ ಲಕ್ಷಣ ಆಮೇಲೆ ಮೂರು ಬೆರಳಿನ ನಂಜುಗಳಲ್ಲೂ ಇತರ ವರ್ಗಗಳಲ್ಲೂ ಸಿಕ್ಕಿತು. ಬದಲಾದ ಅಮೈನೋ ಆಮ್ಲಗಳು ಹೆಚ್ಚಾಗಿ ಅಣುವಿನ ಹೊರಮೈಯಲ್ಲಿ, ಬೇಟೆಯ ಅಣುಗಳನ್ನು ಮುಟ್ಟುವ ಕಡೆ ಇರುತ್ತವೆ.

ಈ ವೇಗದ ಬದಲಾವಣೆ ಆಯ್ಕೆಯ ಫಲವೆನ್ನುವುದಕ್ಕೆ ಒಂದು ಗಂಭೀರ ಆಕ್ಷೇಪವಿದೆ. ಪ್ರತಿ ತಯಾರಾದ ಮೇಲೆ ಮೂಲ ಕೆಲಸ ಇನ್ನೊಂದು ಪ್ರತಿಯ ಪಾಲಿಗಿರುತ್ತದೆ. ಕಾವಲು ಸಡಿಲಗೊಂಡ ವಂಶವಾಹಿ ಮನಬಂದಂತೆ ಬದಲಾದರೆ ಅದನ್ನು ಆಯ್ಕೆಯ ಕೈವಾಡ ಎನ್ನುವುದೇಕೆ? ಆಕ್ಷೇಪ ನ್ಯಾಯವಾದದ್ದೇ. ಆದರೆ ಕಾವಲು ಬರೀ ಸಡಿಲವಾಗಿದ್ದರೆ ಎರಡೂ ಬಗೆಯ ಬದಲಾವಣೆಗಳ ವೇಗ ಸಮಸಮವಾಗಬೇಕಿತ್ತು, ಅಮೈನೋ ಆಮ್ಲ ಬದಲಿಸುವವು ಮೇಲುಗೈ ಪಡೆಯುತ್ತಿರಲಿಲ್ಲ. ಜೊತೆಗೆ, ಗಂಧಕದ ಬಂಧ ಕಟ್ಟುವ ಸಿಸ್ಟೀನ್‌ಗಳೂ ಕಿಣ್ವದ ಕ್ರಿಯಾಕೇಂದ್ರವೂ ಕೋಟ್ಯಂತರ ವರ್ಷಗಳಿಂದ ಹಾಗೇ ಉಳಿದುಕೊಂಡಿವೆ. ಕಾವಲೇ ಇಲ್ಲದ ಕಡೆ ಒಳಗಿನ ಚೌಕಟ್ಟು ಇಷ್ಟು ಅಚ್ಚುಕಟ್ಟಾಗಿ ಉಳಿದು ಹೊರಮೈ ಮಾತ್ರ ಬದಲಾಗುವುದು ಸಾಧ್ಯವಿಲ್ಲ. ಹಾಗೆಂದು ಎಲ್ಲ ವ್ಯತ್ಯಾಸಕ್ಕೂ ಆಯ್ಕೆಯೇ ಕಾರಣವೆಂದು ಹೇಳಲಾಗದು. ಆವಾಸ ಛಿದ್ರವಾಗಿ ಸಣ್ಣ ಗುಂಪುಗಳಾಗಿ ಉಳಿದ ಹಾವುಗಳಲ್ಲಿ ಆಕಸ್ಮಿಕ ಏರಿಳಿತವೇ ನಂಜಿನ ಸ್ವರೂಪವನ್ನು ತೀರ್ಮಾನಿಸಬಹುದು. ಅಮೆರಿಕದ ಬುಡುಬುಡಿಕೆ ಹಾವುಗಳ ಇತ್ತೀಚಿನ ಜೀನೋಮ್ ಅಧ್ಯಯನಗಳು ಇನ್ನೊಂದು ಸಂಗತಿಯನ್ನೂ ತೋರಿಸಿವೆ: ಆಯ್ಕೆ ಯಾವಾಗಲೂ ಹೊಸ ರೂಪವನ್ನೇ ಗೆಲ್ಲಿಸುವುದಿಲ್ಲ, ಒಂದೇ ಸಮೂಹದಲ್ಲಿ ಹಲವು ರೂಪಗಳನ್ನು ಬಹುಕಾಲ ಒಟ್ಟಿಗೆ ಕಾಪಾಡುವುದೂ ಉಂಟು.

ಇನ್ನು ಕಳೆದುಕೊಳ್ಳುವಿಕೆಯ ಮಾತು. ಮಂಡಲದ ಹಾವುಗಳು ಕಚ್ಚಿದಾಗ ರಕ್ತಸ್ರಾವಕ್ಕೆ ಮುಖ್ಯ ಕಾರಣವಾಗುವ ಲೋಹಯುಕ್ತ ಪ್ರೋಟಿಯೇಸ್‌ಗಳು ಮೂಲದಲ್ಲಿ ಆಡಂ ಎಂಬ ಪ್ರೋಟೀನು ಕುಟುಂಬದವು. ಜೀವಕೋಶದ ಪೊರೆಯಲ್ಲಿ ನೆಟ್ಟುನಿಂತು ಹಲವು ಖಂಡಗಳಿಂದ ಕೂಡಿದ ದೊಡ್ಡ ಅಣುಗಳು. ನಂಜಾಗುವಾಗ ಮೊದಲು ಪೊರೆಗೆ ನಾಟುವ ಖಂಡ ಹೋಯಿತು. ಅನಂತರ ಕೆಲವು ಪ್ರತಿಗಳಲ್ಲಿ ಸಿಸ್ಟೀನ್ ತುಂಬಿದ ಖಂಡವೂ ಹೋಯಿತು, ಮತ್ತೆ ಕೆಲವಲ್ಲಿ ಕತ್ತರಿಸುವ ಖಂಡ ಮಾತ್ರ ಉಳಿಯಿತು. ಹೀಗೆ ಮೊಟಕಾದ ಅಣುಗಳು ಕೆಳದರ್ಜೆಯವಲ್ಲ. ಗಾತ್ರ ಕಿರಿದಾದಂತೆ ಅವು ಬೇರೆ ಗುರಿಗಳನ್ನು ಹುಡುಕಿಕೊಂಡವು. ಬಿಡಿಯಾಗಿ ಉದುರಿದ ಡಿಸ್‌ಇಂಟಿಗ್ರಿನ್ ಎಂಬ ಖಂಡದ ತುಣುಕುಗಳು ರಕ್ತದ ಕಿರುಬಿಲ್ಲೆಗಳು ಒಂದಕ್ಕೊಂದು ಅಂಟದಂತೆ ತಡೆಯುವ ಸ್ವತಂತ್ರ ನಂಜುಗಳಾದವು. ಹೃದ್ರೋಗಿಗಳಿಗೆ ಕೊಡುವ ಎಪ್ಟಿಫಿಬಟೈಡ್ ಔಷಧ ಇಂಥದೊಂದು ತುಣುಕನ್ನು ಮಾದರಿಯಾಗಿಟ್ಟುಕೊಂಡು ತಯಾರಾದದ್ದು.

ಬುಡುಬುಡಿಕೆ ಹಾವುಗಳ ಚರಿತ್ರೆ ಇನ್ನೂ ಬೆರಗಿನದು. ಮೊಹಾವಿ ಮರುಭೂಮಿಯ ಪ್ರಭೇದದ ನಂಜಿನಲ್ಲಿ ಎರಡು ಫಾಸ್ಫೊಲಿಪೇಸ್‌ಗಳು ಜೋಡಿಯಾದ ಪ್ರಬಲ ನರವಿಷವಿದೆ; ಪೂರ್ವ ಮತ್ತು ಪಶ್ಚಿಮದ ವಜ್ರಪಟ್ಟೆಯ ಪ್ರಭೇದಗಳಲ್ಲಿ ಅದಿಲ್ಲ. ಮೊಹಾವಿಯ ಹಾವು ಇದನ್ನು ಹೊಸದಾಗಿ ಗಳಿಸಿತು ಎಂದೇ ಯಾರಿಗಾದರೂ ಅನ್ನಿಸುತ್ತದೆ. 2016ರಲ್ಲಿ ಈ ವಂಶವಾಹಿಗಳ ಸಾಲನ್ನು ಪ್ರಭೇದದಿಂದ ಪ್ರಭೇದಕ್ಕೆ ಹೋಲಿಸಿದಾಗ ನಡೆದದ್ದು ತದ್ವಿರುದ್ಧವೆಂದು ತಿಳಿಯಿತು. ಬುಡುಬುಡಿಕೆ ಹಾವುಗಳ ಸಾಮಾನ್ಯ ಪೂರ್ವಜನಲ್ಲಿ ನರವಿಷದ ವಂಶವಾಹಿಗಳೂ ಸೇರಿದಂತೆ ದೊಡ್ಡ ಸಂಗ್ರಹವೇ ಇತ್ತು. ವಜ್ರಪಟ್ಟೆಯ ಹಾವುಗಳು ನರವಿಷದ ಭಾಗವನ್ನು ಅಳಿಸಿಕೊಂಡವು, ಮೊಹಾವಿಯದು ಬೇರೆ ಭಾಗಗಳನ್ನು ಕಳೆದುಕೊಂಡಿತು. ಇಂದು ನಾವು ನೋಡುತ್ತಿರುವ ವೈವಿಧ್ಯ ಒಂದು ಸಮೃದ್ಧ ಪೂರ್ವಜನ ಆಸ್ತಿಯನ್ನು ಬೇರೆಬೇರೆ ಕವಲುಗಳು ಬೇರೆಬೇರೆ ರೀತಿಯಲ್ಲಿ ಕೈಬಿಟ್ಟದ್ದರ ಫಲ. ಒಂದರ ಪಕ್ಕ ಒಂದು ಸಾಲಾಗಿ ನಿಂತ ಒಂದೇ ತೆರನ ವಂಶವಾಹಿಗಳಿರುವ ಕಡೆ ವರ್ಣತಂತುಗಳು ತಪ್ಪಾಗಿ ಹೊಂದಿಕೊಂಡು ಅದಲುಬದಲಾದರೆ ಒಂದು ಪ್ರತಿ ಹೆಚ್ಚುವುದೂ ಸುಲಭ, ನಾಲ್ಕು ಒಮ್ಮೆಗೇ ಮಾಯವಾಗುವುದೂ ಸುಲಭ. ಬುಡುಬುಡಿಕೆ ಹಾವಿನಲ್ಲೂ ನಾಗರಹಾವಿನಲ್ಲೂ ನಂಜಿನ ಹಲವು ವಂಶವಾಹಿಗಳು ಇಂಥ ಮರುಜೋಡಣೆ ಹೆಚ್ಚಾಗಿ ನಡೆಯುವ ಕಿರುವರ್ಣತಂತುಗಳ ಮೇಲಿರುವುದನ್ನು ಇಲ್ಲಿ ನೆನೆಯಬೇಕು.

ಕಳೆದುಕೊಳ್ಳುವುದಕ್ಕೂ ಆಹಾರಕ್ಕೂ ಇರುವ ನಂಟು ಆಸ್ಟ್ರೇಲಿಯಾ ಮತ್ತು ಆಗ್ನೇಯ ಏಷ್ಯಾದ ಅಮೃತಶಿಲೆ ಬಣ್ಣದ ಕಡಲಹಾವಿನಲ್ಲಿ ಕಣ್ಣಿಗೆ ಕಟ್ಟುವಂತಿದೆ. ಅದರ ಬಂಧುಗಳು ಮೀನು ಹಿಡಿಯುತ್ತವೆ. ಇದು ಮೀನಿನ ಮೊಟ್ಟೆಗಳನ್ನಷ್ಟೇ ತಿನ್ನುತ್ತದೆ. ಮೊಟ್ಟೆ ಓಡುವುದಿಲ್ಲ, ಸೆಣಸುವುದಿಲ್ಲ. ಈ ಹಾವಿನ ಮೂರು ಬೆರಳಿನ ನಂಜಿನ ವಂಶವಾಹಿಯಲ್ಲಿ ಕೇವಲ ಎರಡು ಅಕ್ಷರಗಳು ಬಿಟ್ಟುಹೋಗಿವೆ. ಆ ಲೋಪದಿಂದ ಓದುವ ಸಾಲು ಸರಿದು ನರವಿಷ ನಿರರ್ಥಕವಾಗಿದೆ. ಬಂಧುಗಳ ನಂಜಿಗೆ ಹೋಲಿಸಿದರೆ ಇದರ ತೀಕ್ಷ್ಣತೆ 50ರಿಂದ 100 ಪಟ್ಟು ಇಳಿದಿದೆ, ವಿಷಗ್ರಂಥಿಯೂ ಕುಗ್ಗಿದೆ. ಶತ್ರುಗಳಿಂದ ರಕ್ಷಣೆಯೇ ನಂಜಿನ ಮುಖ್ಯ ಉದ್ದೇಶವಾಗಿದ್ದರೆ ಈ ಹಾವಿಗೂ ಅದು ಬೇಕೇ ಇತ್ತು. ಬೇಟೆ ಬದಲಾದೊಡನೆ ನಂಜು ಬಲಹೀನವಾಯಿತು ಎಂಬುದು ಬೇಟೆಯೇ ನಿರ್ಣಾಯಕ ಎನ್ನುವುದಕ್ಕೆ ಬಲವಾದ ಸಾಕ್ಷ್ಯ.

ಈ ವಾದವನ್ನು ಒಪ್ಪದವರು ಹಾವಿನ ಒಂದು ಕಡಿತದಲ್ಲಿ ಇಲಿಯೊಂದನ್ನು ಕೊಲ್ಲಲು ಬೇಕಾದದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ನಂಜಿರುವುದನ್ನು ಎತ್ತಿ ತೋರಿಸುತ್ತಾರೆ. ಅಷ್ಟು ಮಿತಿಮೀರಿ ಇರುವಾಗ ಅಣುವಿನ ಸೂಕ್ಷ್ಮ ವ್ಯತ್ಯಾಸಗಳನ್ನು ಆಯ್ಕೆ ಏಕೆ ಲೆಕ್ಕಿಸಬೇಕು ಎಂಬುದು ಅವರ ಪ್ರಶ್ನೆ. ತೊಡಕಿರುವುದು ಅಳತೆಯಲ್ಲಿ. ಪ್ರಯೋಗಾಲಯದ ಬಿಳಿ ಇಲಿ ಬಹುಪಾಲು ಹಾವುಗಳ ನಿಜವಾದ ಬೇಟೆಯಲ್ಲ. ಮರಗಳಲ್ಲಿ ವಾಸಿಸುವ ಬೊಯ್ಗಾ ಹಾವುಗಳ ಡೆನ್ಮೊಟಾಕ್ಸಿನ್ ಹಕ್ಕಿಯ ಸ್ನಾಯುವನ್ನು ಹಿಡಿದು ನಿಲ್ಲಿಸುತ್ತದೆ, ಇಲಿಯ ಸ್ನಾಯುವಿನ ಮೇಲೆ ಅದರ ಪ್ರಭಾವ ತೀರ ಕಡಿಮೆ. ಇದೇ ಕುಲದ ಇನ್ನೊಂದು ನಂಜಾದ ಇರ್ಡಿಟಾಕ್ಸಿನ್ ಹಕ್ಕಿ ಮತ್ತು ಹಲ್ಲಿಗಳಿಗೆ ಮಾರಕ, ಇಲಿಗೆ ನಿರಪಾಯ. ಇಲಿಯನ್ನೇ ಅಳತೆಗೋಲಾಗಿಸಿದ್ದರೆ ಈ ಎರಡೂ ನಂಜುಗಳು ನಿಷ್ಪ್ರಯೋಜಕವೆಂದು ಪಟ್ಟಿಯಿಂದ ಬಿದ್ದುಹೋಗುತ್ತಿದ್ದವು. ಗರಗಸ ಮಂಡಲದ ಕುಲದಲ್ಲಿ ಚೇಳುಗಳನ್ನು ಹೆಚ್ಚಾಗಿ ತಿನ್ನುವ ಪ್ರಭೇದಗಳ ನಂಜು ಚೇಳುಗಳಿಗೆ ಹೆಚ್ಚು ಮಾರಕವೆಂದು 2009ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅದಕ್ಕೂ ಮುಂಚೆ, 1996ರಲ್ಲಿ, ಮಲಯದ ಗುಳಿಮಂಡಲದ ನಂಜು ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುವುದು ದೂರಕ್ಕಾಗಲಿ ವಂಶಾವಳಿಗಾಗಲಿ ಹೊಂದದೆ ಆಹಾರಕ್ಕೆ ಹೊಂದುತ್ತದೆ ಎಂದು ತಿಳಿದಿತ್ತು.

ಎದುರಾಳಿಗಳೂ ಸುಮ್ಮನೆ ಕೂತಿಲ್ಲ. ಮುಂಗುಸಿಯ ಅಸಿಟೈಲ್‌ಕೊಲೀನ್ ಗ್ರಾಹಿಯಲ್ಲಿ ನರವಿಷ ಬಂದು ಕೂರುವ ಜಾಗದಲ್ಲೇ ಕೆಲವು ಅಮೈನೋ ಆಮ್ಲಗಳು ಬದಲಾಗಿ ಅಲ್ಲೊಂದು ಸಕ್ಕರೆಯ ಸರಪಳಿ ಅಂಟಿಕೊಂಡಿದೆ. ನಂಜಿನ ಬೆರಳಿಗೆ ಅದು ಅಡ್ಡವಾಗುತ್ತದೆ, ದೇಹದ ಸ್ವಂತ ಅಸಿಟೈಲ್‌ಕೊಲೀನ್ ಪುಟ್ಟದಾದ್ದರಿಂದ ಅದಕ್ಕೆ ತೊಂದರೆಯಿಲ್ಲ. ನಾಗರಹಾವೂ ಇಂಥದೇ ಸಕ್ಕರೆಯ ತಡೆಯಿಂದ ತನ್ನ ನರವಿಷದಿಂದ ತಾನು ಪಾರಾಗುತ್ತದೆ. ಹಂದಿ, ಮುಳ್ಳುಹಂದಿಯಂತೆ ಕಾಣುವ ಹೆಡ್ಜ್‌ಹಾಗ್ ಮತ್ತು ಹನಿ ಬ್ಯಾಡ್ಜರ್‌ಗಳು ಬೇರೆ ದಾರಿ ಹಿಡಿದವು: ಅದೇ ಜಾಗದಲ್ಲಿ ಧನ ವಿದ್ಯುದಂಶದ ಆರ್ಜಿನೀನ್ ಬಂದು ಧನ ವಿದ್ಯುದಂಶದ್ದೇ ಆದ ನಂಜನ್ನು ದೂರ ತಳ್ಳುತ್ತದೆ. ಈ ಮೂರೂ ಪ್ರಾಣಿಗಳಲ್ಲಿ ಇದು ಪ್ರತ್ಯೇಕವಾಗಿ ಆಯಿತು. ಎದುರಾಳಿ ಹೀಗೆ ಬದಲಾಗುತ್ತಿರುವಾಗ ಹಾವಿನ ನಂಜು ಮಿತಿಮೀರಿದ್ದು ಎನ್ನುವುದು ನಿನ್ನೆಯ ಎದುರಾಳಿಯನ್ನು ಇಟ್ಟುಕೊಂಡು ಇಂದಿನ ಲೆಕ್ಕ ಮಾಡಿದಂತೆ.

ನಂಜು ಮೊದಲು ಯಾವಾಗ ಹುಟ್ಟಿತು ಎಂಬ ವಿವಾದ ಇನ್ನೂ ಮುಗಿದಿಲ್ಲ. ಬ್ರಯನ್ ಫ್ರೈ ಮತ್ತು ಸಂಗಡಿಗರು 2006ರಲ್ಲಿ ಹಾವುಗಳು, ಉಡಗಳು, ಇಗ್ವಾನಗಳನ್ನು ಒಳಗೊಂಡ ಗುಂಪಿನ ಸಾಮಾನ್ಯ ಪೂರ್ವಜನಲ್ಲೇ, ಸುಮಾರು 20 ಕೋಟಿ ವರ್ಷಗಳ ಹಿಂದೆ, ನಂಜು ಒಮ್ಮೆ ಮಾತ್ರ ಹುಟ್ಟಿತೆಂದು ಪ್ರತಿಪಾದಿಸಿದರು. 2014ರ ಆಸುಪಾಸಿನಲ್ಲಿ ಇತರರು ಹೆಬ್ಬಾವು ಹಾಗೂ ಹಲ್ಲಿಗಳ ಬೇರೆಬೇರೆ ಅಂಗಾಂಶಗಳನ್ನು ಪರೀಕ್ಷಿಸಿ, ನಂಜಿನವೆಂದು ಕರೆದ ಎಷ್ಟೋ ವಂಶವಾಹಿಗಳು ಮೈಯೆಲ್ಲ ಕೆಲಸ ಮಾಡುತ್ತಿರುವುದನ್ನು ತೋರಿಸಿದರು. ಜೊಲ್ಲಿನ ಗ್ರಂಥಿಯಲ್ಲಿ ಅವು ಸಿಕ್ಕ ಮಾತ್ರಕ್ಕೆ ಅವನ್ನು ನಂಜೆನ್ನಲಾಗದು ಎಂಬುದು ಅವರ ವಾದ. ಈ ವಾದಕ್ಕೆ ಹೆಚ್ಚು ತೂಕವಿದೆ. ಮೇಲೆ ನೋಡಿದಂತೆ ನಂಜಿನ ಅಣುಗಳೆಲ್ಲ ದೇಹದ ಅಣುಗಳ ಬಂಧುಗಳೇ ಆಗಿರುವಾಗ ಬರೀ ಹೋಲಿಕೆ ಏನನ್ನೂ ಸಾಧಿಸುವುದಿಲ್ಲ. ಬಹುಶಃ ಅಷ್ಟು ಹಿಂದೆ ಇದ್ದದ್ದು ನಂಜಲ್ಲ, ನಂಜಿಗೆ ಬೇಕಾದ ಸಿದ್ಧತೆ. 2021ರಲ್ಲಿ ತೈವಾನಿನ ಹಾಬು ಹಾವಿನ ಗ್ರಂಥಿಯನ್ನು ಅಧ್ಯಯನ ಮಾಡಿದ ಬರುವಾ ಮತ್ತು ಮಿಖೇಯೆವ್, ಪ್ರೋಟೀನುಗಳನ್ನು ಹೇರಳವಾಗಿ ಮಡಚಿ ಹೊರಕಳಿಸುವ ವಂಶವಾಹಿಗಳ ಜಾಲವೊಂದು ಹಾವುಗಳಿಗೂ ಸಸ್ತನಿಗಳ ಜೊಲ್ಲಿನ ಗ್ರಂಥಿಗೂ ಸಮಾನವಾಗಿರುವುದನ್ನು ಕಂಡರು. ಕಾರ್ಖಾನೆ ಹಳೆಯದು, ಅದರಲ್ಲಿ ನಂಜು ತಯಾರಾಗತೊಡಗಿದ್ದು ಆಮೇಲೆ, ಬಹುಶಃ ಒಂದಕ್ಕಿಂತ ಹೆಚ್ಚು ಸಲ.

ಈ ಚರ್ಚೆ ಭಾರತಕ್ಕೆ ಪ್ರಾಣದ ಪ್ರಶ್ನೆ. 2000ದಿಂದ 2019ರವರೆಗೆ ದೇಶದಲ್ಲಿ ಸುಮಾರು 12 ಲಕ್ಷ ಜನ, ಅಂದರೆ ವರ್ಷಕ್ಕೆ ಸರಾಸರಿ 58,000 ಮಂದಿ, ಹಾವು ಕಡಿತದಿಂದ ಸತ್ತರೆಂದು 2020ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಇಲ್ಲಿನ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕರ ನಂಜನ್ನು ಕುದುರೆಗೆ ಚುಚ್ಚಿ ತಯಾರಾಗುವಂಥದ್ದು. ಆ ನಂಜು ಬಹುಪಾಲು ಬರುವುದು ಚೆನ್ನೈ ಬಳಿಯ ಇರುಳ ಬುಡಕಟ್ಟಿನವರ ಸಹಕಾರ ಸಂಘದಿಂದ. ನಂಜು ಪ್ರದೇಶಕ್ಕೆ ತಕ್ಕಂತೆ ಬದಲಾಗುತ್ತದೆ ಎಂಬುದು ನಿಜವಾದರೆ ಒಂದೇ ಪ್ರದೇಶದ ಮಾದರಿ ಇಡೀ ದೇಶಕ್ಕೆ ಸಾಲಲಾರದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಸುನಗಾರ್ ಅವರ ಪ್ರಯೋಗಾಲಯ ಪರೀಕ್ಷಿಸಿದ್ದು ಇದನ್ನೇ. ಬೇರೆಬೇರೆ ಕಡೆಯ ಕೊಳಕುಮಂಡಲಗಳ ನಂಜು ಬೇರೆಬೇರೆಯಾಗಿತ್ತು, ಕೆಲವು ಪ್ರದೇಶಗಳ ನಂಜಿನೆದುರು ಮಾರುಕಟ್ಟೆಯ ಪ್ರತಿವಿಷ ದುರ್ಬಲವಾಗಿತ್ತು. ನಾಲ್ಕರ ಪಟ್ಟಿಯಲ್ಲಿಲ್ಲದ ಹಾವುಗಳ ಪಾಡು ಇನ್ನೂ ಕಷ್ಟ. ಪಶ್ಚಿಮ ಘಟ್ಟದ ಕಾಳಿಂಗವನ್ನು 2024ರಲ್ಲಿ ಕನ್ನಡದ ಹೆಸರಿನಲ್ಲೇ ಓಫಿಯೊಫೇಗಸ್ ಕಾಳಿಂಗ ಎಂಬ ಪ್ರತ್ಯೇಕ ಪ್ರಭೇದವಾಗಿ ಗುರುತಿಸಲಾಯಿತು. ಅದರ ನಂಜು ಆ ನಾಲ್ಕರಲ್ಲಿ ಸೇರಿಲ್ಲ.

ವಿಕಾಸದ ಅದೇ ಜ್ಞಾನ ಪರಿಹಾರದ ದಿಕ್ಕನ್ನೂ ಸೂಚಿಸುತ್ತದೆ. 2020ರಲ್ಲಿ ಪ್ರಕಟವಾದ ಭಾರತೀಯ ನಾಗರಹಾವಿನ ಜೀನೋಮ್ 139 ನಂಜಿನ ವಂಶವಾಹಿಗಳನ್ನು ಪಟ್ಟಿಮಾಡಿತು. ವಿಷಗ್ರಂಥಿಯಲ್ಲೇ ವಿಶೇಷವಾಗಿ ತಯಾರಾಗುವ ಮುಖ್ಯ ನಂಜುಗಳು 19 ಮಾತ್ರ. ಗುರಿಗಳು ಎಣಿಕೆಗೆ ಸಿಗುವಷ್ಟೇ ಇವೆ. ನರವಿಷದ ಹೊರಮೈ ಎಷ್ಟೇ ಬದಲಾದರೂ ಗ್ರಾಹಿಯೊಳಗೆ ಹೊಗುವ ಬೆರಳತುದಿ ಮನಬಂದಂತೆ ಬದಲಾಗುವ ಹಾಗಿಲ್ಲ. ಬದಲಾದರೆ ಅದು ನರವಿಷವಾಗಿ ಉಳಿಯುವುದಿಲ್ಲ. 2024ರಲ್ಲಿ ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಕೃತಕವಾಗಿ ರೂಪಿಸಿದ 95ಮ್ಯಾಟ್5 ಎಂಬ ಪ್ರತಿಕಾಯ ಹಿಡಿಯುವುದು ಆ ತುದಿಯನ್ನೇ, ಅದೂ ಗ್ರಾಹಿ ಹಿಡಿಯುವ ಬಗೆಯನ್ನು ಅನುಕರಿಸಿ. ಅದರಿಂದಾಗಿ ಬೇರೆಬೇರೆ ಖಂಡಗಳ ಎಲಾಪಿಡ್ ಹಾವುಗಳ ಉದ್ದಸರಪಳಿಯ ನರವಿಷಗಳು ಒಂದೇ ಪ್ರತಿಕಾಯಕ್ಕೆ ಸಿಕ್ಕಿಬಿದ್ದವು. ಕಿರುಸರಪಳಿಯ ನರವಿಷಗಳಿಗೆ, ಸೈಟೋಟಾಕ್ಸಿನುಗಳಿಗೆ ಇದು ಸಾಲದು. ಕೊಳಕುಮಂಡಲದ ನಂಜಿನಲ್ಲಂತೂ ಈ ವರ್ಗಕ್ಕೆ ಮುಖ್ಯ ಪಾತ್ರವೇ ಇಲ್ಲ. ಅಲ್ಲಿ ಕೆಲಸ ಮಾಡುವ ಫಾಸ್ಫೊಲಿಪೇಸ್ ಮತ್ತು ಲೋಹಯುಕ್ತ ಪ್ರೋಟಿಯೇಸ್‌ಗಳ ಕ್ರಿಯಾಕೇಂದ್ರಗಳೂ ಇಷ್ಟೇ ಹಳೆಯವು, ಇಷ್ಟೇ ಸ್ಥಿರವಾದವು. ಉರಿಯೂತಕ್ಕೆಂದು ಹುಡುಕಿದ್ದ ವರೆಸ್ಪ್ಲಾಡಿಬ್ ಎಂಬ ಔಷಧ ಮೊದಲನೆಯದನ್ನು, ಕ್ಯಾನ್ಸರಿಗೆಂದು ಹುಡುಕಿದ್ದ ಮಾರಿಮಾಸ್ಟಾಟ್ ಎರಡನೆಯದನ್ನು ತಡೆಯುತ್ತವೆ. ವರೆಸ್ಪ್ಲಾಡಿಬ್ ಅನ್ನು ಬಾಯಿಯ ಮೂಲಕ ಕೊಡುವ ಪ್ರಯೋಗ ಭಾರತದ ಆಸ್ಪತ್ರೆಗಳಲ್ಲೂ ನಡೆದಿದೆ.